ಮೊದಲು ಯಾರಿಗೆ ಹೇಳಬೇಕು?

ಎಲೆಕ್ಟ್ರಾನಿಕ್ ಸಿಟಿ ಎಂದೊಡನೆ ಸಾಫ್ಟ್‌ವೇರ್ ಕಂಪನಿಗಳು ನೆನಪಿಗೆ ಬರುತ್ತವೆ. ಆದರೆ ಈ ಭಾಗದಲ್ಲಿ ಉನ್ನತ ಶಿಕ್ಷಣವೂ ಬೇರು ಬಿಟ್ಟಿದೆ. 1999ರಲ್ಲಿ ವೈಟ್‌ಫೀಲ್ಡ್‌ನ ಐಟಿಪಿಎಲ್‌ನಲ್ಲಿ ಶುರುವಾದ ಐಐಐಟಿ 2003ರಲ್ಲಿ ಇಲ್ಲಿನ ಸ್ವಂತ ಜಾಗಕ್ಕೆ ಬಂತು. 2010ರ ರಾಜ್ಯ ಕಾಯ್ದೆಯಿಂದ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಮೊದಲು ಪಾಠ ಆರಂಭಿಸಿದ್ದು ಹೊಸೂರು ರಸ್ತೆಯ ಪಿಇಎಸ್ ಆವರಣದಲ್ಲಿ; ಸರ್ಜಾಪುರದ ಕ್ಯಾಂಪಸ್ ಆಮೇಲಿನದು.

ನ್ಯಾಯಯುತ, ಸಮಾನ, ಮಾನವೀಯ, ಸುಸ್ಥಿರ ಸಮಾಜಕ್ಕೆ ನೆರವಾಗುವುದು ತನ್ನ ಗುರಿ ಎಂದು ಈ ವಿಶ್ವವಿದ್ಯಾಲಯ ಹೇಳಿಕೊಂಡಿದೆ. ಯುಜಿಸಿ 2019ರಲ್ಲಿ ‘ಮೌಲ್ಯ ಪ್ರವಾಹ’ ಎಂಬ ಮಾರ್ಗಸೂಚಿ ಹೊರಡಿಸಿ, 2023ರಲ್ಲಿ ಅದನ್ನು ಪರಿಷ್ಕರಿಸಿತು. ಪ್ರಾಮಾಣಿಕತೆ, ಉತ್ತರದಾಯಿತ್ವ, ಎಲ್ಲರನ್ನೂ ಒಳಗೊಳ್ಳುವುದು, ಪರಸ್ಪರ ಗೌರವ ಅದರಲ್ಲಿವೆ. ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ನ್ಯಾಕ್ ಕಾಲೇಜು, ವಿಶ್ವವಿದ್ಯಾಲಯಗಳ ಮೌಲ್ಯಮಾಪನಕ್ಕೆ ಬಹುಕಾಲ ಬಳಸಿದ ಏಳು ಮಾನದಂಡಗಳಲ್ಲಿ ಕೊನೆಯದು ಸಾಂಸ್ಥಿಕ ಮೌಲ್ಯಗಳದ್ದೇ. ಅಂದರೆ ಮೌಲ್ಯಗಳ ಪಟ್ಟಿಗೆ ಕೊರತೆಯಿಲ್ಲ. ಆ ಪಟ್ಟಿ ದಿನನಿತ್ಯದ ಮಾತುಕತೆಗೆ ಇಳಿಯುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ.

ಯಾವ ಕ್ಯಾಂಪಸ್ಸಿನಲ್ಲಾದರೂ ನಡೆಯಬಹುದಾದ ಒಂದು ಸಂದರ್ಭ ನೋಡೋಣ. ನಾಳೆ ಬೆಳಗಿನ ಪರೀಕ್ಷೆ ಬಿ ಬ್ಲಾಕಿನಿಂದ ಸಿ ಬ್ಲಾಕಿಗೆ ಬದಲಾಗಿದೆ. ಪರೀಕ್ಷಾ ವಿಭಾಗ ಸಂಜೆ ಆರಕ್ಕೆ ಇಂಗ್ಲಿಷಿನಲ್ಲಿ ಇಮೇಲ್ ಕಳಿಸುತ್ತದೆ. ಡೀನ್, ವಿಭಾಗದ ಮುಖ್ಯಸ್ಥರು, ಅಧ್ಯಾಪಕರು ಎಲ್ಲರಿಗೂ ತಲುಪಿತು. ಸಿ ಬ್ಲಾಕಿನ ಬೀಗದ ಕೈ ಇರುವುದು ಅಟೆಂಡರ್ ಹತ್ತಿರ. ಅವರಿಗೆ ಸಂಸ್ಥೆಯ ಇಮೇಲೇ ಇಲ್ಲ. ಬೆಂಚು ಒರೆಸಬೇಕಾದ ಹೌಸ್‌ಕೀಪಿಂಗ್ ಹೆಂಗಸರು ಏಜೆನ್ಸಿಯವರು. ಅವರ ಸೂಪರ್‌ವೈಸರ್‌ಗೆ ಯಾರೂ ಫೋನ್ ಮಾಡಿಲ್ಲ. ಆನೇಕಲ್ಲಿನಿಂದ ಬರುವ ಬಸ್ಸಿನ ಡ್ರೈವರ್ ಎಂದಿನಂತೆ ಹಳೇ ಗೇಟಿನ ಬಳಿ ಮಕ್ಕಳನ್ನು ಇಳಿಸಿದ್ದಾರೆ. ಒಂಬತ್ತೂವರೆಗೆ ಬೀಗ ಹಾಕಿದ ಬಾಗಿಲ ಮುಂದೆ ಇನ್ನೂರು ಮಂದಿ. ಬೈಗುಳ ಬೀಳುವುದು ಮಾತ್ರ ಅಟೆಂಡರ್ ಮೇಲೆ: “ಏನಯ್ಯಾ, ಇಷ್ಟೂ ಗೊತ್ತಾಗಲ್ವಾ ನಿನಗೆ?”

ಇಮೇಲ್ ಬರೆದವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಆದರೆ ‘ಎಲ್ಲರನ್ನೂ ಒಳಗೊಳ್ಳುವುದು’ ಎಂಬ ಮೌಲ್ಯ ಯಾರಿಗೆ ಕಳಿಸಬೇಕು ಎಂಬ ಸಾಲಿನಲ್ಲೇ ಸೋತಿತು. ಸುತ್ತೋಲೆ ಹೊರಡಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ವಿಷಯ ತಿಳಿಯದಿದ್ದರೆ ಯಾರ ಕೆಲಸ ಮೊದಲು ನಿಲ್ಲುತ್ತದೆ? ಅವರಿಗೇ ಮೊದಲು ಹೇಳಬೇಕು, ಹುದ್ದೆಯ ಏಣಿ ನೋಡಿಕೊಂಡಲ್ಲ. “ಈ ಮೂಲಕ ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಬಯಸುವುದೇನೆಂದರೆ” ಎಂದು ಶುರುವಾಗುವ ಉದ್ದನೆಯ ವಾಕ್ಯದ ಬದಲು ಹೀಗೆ ಬರೆಯಬಹುದು: “ನಾಳೆಯ ಪರೀಕ್ಷೆ ಸಿ ಬ್ಲಾಕಿನಲ್ಲಿ. ಎಂಟಕ್ಕೆ ಬಾಗಿಲು ತೆಗೆದಿರಬೇಕು. ತೊಂದರೆಯಿದ್ದರೆ ಇವತ್ತೇ ಪರೀಕ್ಷಾ ವಿಭಾಗಕ್ಕೆ ತಿಳಿಸಿ.” ಇದನ್ನೇ ಕನ್ನಡದಲ್ಲೊಂದು, ಬೇಕಾದರೆ ಹಿಂದಿಯಲ್ಲೊಂದು ವಾಯ್ಸ್ ಮೆಸೇಜ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಓದುಬರಹ ಅಷ್ಟಾಗಿ ಬಾರದವರಿಗೂ ತಲುಪುತ್ತದೆ.

ಈ ವಿಷಯದಲ್ಲಿ ಕಾರ್ಖಾನೆಗಳಿಂದ ವಿಶ್ವವಿದ್ಯಾಲಯ ಕಲಿಯಬೇಕಾದದ್ದಿದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅಚ್ಚುಕಟ್ಟಾಗಿ ನಡೆಯುವ ಘಟಕಗಳಲ್ಲಿ ಶಿಫ್ಟ್ ಶುರುವಾಗುವ ಮುನ್ನ ಐದು ನಿಮಿಷ ನಿಂತೇ ಮಾತಾಡುತ್ತಾರೆ: ನಿನ್ನೆ ಎಷ್ಟು ರಿಜೆಕ್ಷನ್, ಯಾವ ಮೆಷಿನ್ ರಿಪೇರಿಯಲ್ಲಿದೆ, ಇವತ್ತು ಯಾರು ರಜ. ಕ್ಯಾಂಪಸ್ಸಿನಲ್ಲಿ ಎಲ್ಲರನ್ನೂ ಒಟ್ಟಿಗೆ ಸೇರಿಸುವ ಇಂಥ ಗಳಿಗೆಯೇ ಇಲ್ಲ. ಅಧ್ಯಾಪಕರದು ಟೈಮ್‌ಟೇಬಲ್, ಆಡಳಿತ ಕಚೇರಿಯವರದು ಹತ್ತರಿಂದ ಐದೂವರೆ, ಸೆಕ್ಯೂರಿಟಿಯವರದು ಪಾಳಿ. ಬೋಧಕರು, ಬೋಧಕೇತರರು ಎಂಬ ಗೆರೆ ಬೇರೆ. ವಾರಕ್ಕೊಮ್ಮೆ, ಬ್ಲಾಕಿಗೊಂದರಂತೆ ಹತ್ತು ನಿಮಿಷ ಸೇರಿದರೂ ಸಾಕಷ್ಟು ಗೊಂದಲ ತಪ್ಪುತ್ತದೆ.

ಸೇರಿದರಷ್ಟೇ ಸಾಲದು, ಬಾಯಿ ಬಿಡುವ ಧೈರ್ಯವೂ ಬೇಕು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಹೊಂದಾಣಿಕೆಯ ತಂಡಗಳಲ್ಲೇ ಔಷಧಿ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರು ಕಂಡುಕೊಂಡ ಕಾರಣ, ಆ ತಂಡಗಳವರು ತಪ್ಪುಗಳನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು. ನಮ್ಮ ಕಚೇರಿಗಳಲ್ಲಿ ಈ ಧೈರ್ಯಕ್ಕೆ ದೊಡ್ಡ ಅಡ್ಡಿ ನಾವು ಮಾತಾಡಿಸುವ ರೀತಿ. ಇಪ್ಪತ್ತೈದರ ಹೊಸ ಅಧ್ಯಾಪಕರಿಗೆ ‘ಸರ್’, ಐವತ್ತೈದರ ಅಟೆಂಡರ್‌ಗೆ ‘ಬಾರಯ್ಯ’. ಹೀಗೆ ಕರೆಸಿಕೊಂಡವರು ಸಿ ಬ್ಲಾಕಿನ ಫ್ಯೂಸ್ ಹೋಗಿರುವುದನ್ನು ಹಿಂದಿನ ಸಂಜೆಯೇ ಕಂಡರೂ ತಾವಾಗಿ ಬಂದು ಹೇಳಲು ಹಿಂಜರಿಯುತ್ತಾರೆ. ಎಲ್ಲರಿಗೂ ‘ನೀವು’ ಎನ್ನುವುದನ್ನು ಕುಲಪತಿಗಳ ಕೊಠಡಿಯಿಂದಲೇ ಶುರುಮಾಡಬೇಕು.

ಇನ್ನು ಏಜೆನ್ಸಿ ನೌಕರರು. ಹಾಜರಿ ಪುಸ್ತಕ ಬೇರೆಯವರದು ಎಂಬ ಕಾರಣಕ್ಕೆ ಅವರನ್ನು ಸಭೆಯಿಂದ ಹೊರಗಿಡುವುದು ನನಗಂತೂ ಸರಿ ಕಾಣುವುದಿಲ್ಲ. ವರ್ಷವಿಡೀ ಕ್ಯಾಂಪಸ್ಸಿನಲ್ಲಿ ಬೆವರು ಸುರಿಸುವವರು ಅವರು. ಮುಂದಿನ ಟೆಂಡರ್ ಕರೆಯುವಾಗ ಷರತ್ತುಗಳಲ್ಲೇ ಸೇರಿಸಬಹುದು: ಈ ಹತ್ತು ನಿಮಿಷದ ಸಭೆ ಕೆಲಸದ ವೇಳೆಯಲ್ಲೇ ನಡೆಯಬೇಕು, ಅದಕ್ಕಾಗಿ ಯಾರ ಕೂಲಿಯನ್ನೂ ಮುರಿದುಕೊಳ್ಳುವಂತಿಲ್ಲ.