ಪವನ್ ಹೋದ ಮೇಲೆ ಬುಲ್ಸ್ ಲೆಕ್ಕ ಹೆಂಗಾತು?

ನಮ್ಮ ಹಾಸ್ಟೆಲ್‌ನಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು ಆರು ಮಂದಿ ಇದ್ದೇವೆ. ಇಂಗ್ಲಿಷ್ ಮೀಡಿಯಂ ಹುಡುಗರು, ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಊರ ಜಾತ್ರೆಯಲ್ಲಿ ರಾತ್ರಿ ಲೈಟ್ ಹಾಕಿ ಆಡಿಸುವ ಮಣ್ಣಿನ ಕಬಡ್ಡಿ ನೋಡಿ ಬೆಳೆದವರು ನಾವು. ಈಗ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ಹಿಂದೆ ಬಿದ್ದಿದ್ದೇವೆ. ಮ್ಯಾಚ್‌ಗಿಂತ ಹರಾಜಿನ ಬಗ್ಗೆಯೇ ನಮ್ಮ ಜಗಳ ಜಾಸ್ತಿ. ಆ ಲೆಕ್ಕ ಹೇಗೆ ನಡೆಯುತ್ತೆ ಅಂತ ಇಲ್ಲಿ ಬಿಡಿಸಿ ಹೇಳ್ತೀವಿ.

ಮೊದಲು ನಿಯಮ. ಪ್ರತಿ ಟೀಮಿಗೂ ಖರ್ಚಿಗೆ ಒಂದು ಮಿತಿ ಇದೆ. 2022ರಲ್ಲಿ ಅದು 4.4 ಕೋಟಿ, ಮುಂದಿನ ವರ್ಷ 5 ಕೋಟಿ ಆಯಿತು. ಹಳೇ ಆಟಗಾರರಲ್ಲಿ ಕೆಲವರನ್ನು ಉಳಿಸಿಕೊಳ್ಳಬಹುದು, ಉಳಿದವರು ಹರಾಜಿಗೆ ಹೋಗ್ತಾರೆ. ಹರಾಜಿನಲ್ಲಿ ಎಫ್‌ಬಿಎಂ ಕಾರ್ಡ್ ಅಂತ ಒಂದಿದೆ. ಬೇರೆಯವರು ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಹಳೇ ಟೀಮು ತನ್ನ ಆಟಗಾರನನ್ನು ವಾಪಸ್ ಪಡೆಯಬಹುದು. ಇನ್ನು ಎನ್‌ವೈಪಿ, ಅಂದರೆ ನ್ಯೂ ಯಂಗ್ ಪ್ಲೇಯರ್. ಇವರು ಟೀಮಿನವರೇ ಹುಡುಕಿ ಕಡಿಮೆ ಸಂಬಳಕ್ಕೆ ತಂದ ಹೊಸ ಹುಡುಗರು.

ಈಗ ಪವನ್ ಸೆಹ್ರಾವತ್ ಕಥೆಗೆ ಬರೋಣ. ಐದನೇ ಸೀಸನ್‌ನಲ್ಲಿ ಗುಜರಾತ್ ಟೀಮಿನಲ್ಲಿ ಅವನಿಗೆ ಹೆಚ್ಚು ಅವಕಾಶ ಸಿಗಲಿಲ್ಲ. ಆರನೇ ಸೀಸನ್‌ಗೆ ಬುಲ್ಸ್‌ಗೆ ಬಂದ, 271 ರೇಡ್ ಪಾಯಿಂಟ್ ಹೊಡೆದ. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ ಒಬ್ಬನೇ 22. ಬುಲ್ಸ್ 38-33ರಿಂದ ಗೆದ್ದು ಚಾಂಪಿಯನ್ ಆಯಿತು.

2022ರಲ್ಲಿ ಬುಲ್ಸ್ ಅವನನ್ನು ಉಳಿಸಿಕೊಳ್ಳಲಿಲ್ಲ. ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ತಗೊಂಡಿತು. ಅವತ್ತು ನಮ್ಮಲ್ಲೊಬ್ಬ ಊಟಾನೇ ಮಾಡಲಿಲ್ಲ. "ಯಾಕ ಬಿಟ್ರಪಾ?" ಅಂತ ಒಂದೇ ಮಾತು.

ಆದರೆ ಲೆಕ್ಕ ಹಾಕಿ ನೋಡಿ. 4.4 ಕೋಟಿಯಲ್ಲಿ 2.26 ಅಂದರೆ ಅರ್ಧಕ್ಕಿಂತ ಹೆಚ್ಚು. ಉಳಿದ ಅರ್ಧದಲ್ಲಿ ಇಡೀ ಟೀಮು ಕಟ್ಟಬೇಕು. ತಲೈವಾಸ್ ಪರ ಮೊದಲ ಮ್ಯಾಚಿನಲ್ಲೇ ಪವನ್ ಮೊಣಕಾಲಿಗೆ ಪೆಟ್ಟಾಗಿ ಆ ಸೀಸನ್ ಮುಗಿದೇ ಹೋಯಿತು. ಹಾಗಿದ್ದೂ ತಲೈವಾಸ್ ಸೆಮಿಫೈನಲ್ ತಲುಪಿತು, ಹೊಸ ಹುಡುಗ ನರೇಂದರ್‌ನ ರೇಡಿಂಗ್ ನಂಬಿ. ಬುಲ್ಸ್ ಕೂಡ ತಲುಪಿತು. ಒಂದು ಸೀಸನ್ ಹಿಂದೆ ಎನ್‌ವೈಪಿಯಾಗಿ ಬಂದಿದ್ದ ಭರತ್ ಆ ಸಲ ಲೀಗಿನ ಮುಂಚೂಣಿ ರೇಡರ್ ಆಗಿದ್ದ. ಪವನ್ ಇಲ್ಲದೆಯೇ ಎರಡೂ ಟೀಮು ಸೆಮಿಗೆ!

ಉಲ್ಟಾ ಉದಾಹರಣೆಯೂ ಇದೆ. ಪ್ರದೀಪ್ ನರ್ವಾಲ್ 2015ರಲ್ಲಿ ಬುಲ್ಸ್‌ನಲ್ಲೇ ಶುರು ಮಾಡಿ, ಆಮೇಲೆ ಪಾಟ್ನಾಗೆ ಹೋಗಿ ಮೂರು ಸಲ ಕಪ್ ಗೆದ್ದವನು. 2024ರಲ್ಲಿ 70 ಲಕ್ಷಕ್ಕೆ ವಾಪಸ್ ಬಂದಾಗ ನಾವು ಕುಣಿದಾಡಿದ್ದೆವು. ಆ ಸಲ ಬುಲ್ಸ್‌ಗೆ ಕೊನೆಯ ಸ್ಥಾನ. ಹೆಸರಿಗೆ ಕೊಡೋ ರೊಕ್ಕ ಬೇರೆ, ಇವತ್ತಿನ ಕಾಲಿನ ಬಲಕ್ಕೆ ಕೊಡೋದು ಬೇರೆ ಅಂತ ಆಗ ತಿಳಿಯಿತು.

ಹಾಗಾದರೆ ಹೊಸ ಹುಡುಗರನ್ನು ಹೇಗೆ ಗುರುತಿಸೋದು? ನಾವು ಮೂರು ನೋಡ್ತೀವಿ. ಡೂ-ಆರ್-ಡೈ ರೇಡ್‌ನಲ್ಲಿ, ಅಂದರೆ ಎರಡು ಖಾಲಿ ರೇಡ್ ಆದಮೇಲೆ ಪಾಯಿಂಟ್ ತರಲೇಬೇಕಾದಾಗ, ಏನು ಮಾಡ್ತಾನೆ. ಎದುರಿಗೆ ಮೂವರೇ ಉಳಿದಾಗ ಆಸೆಗೆ ಬಿದ್ದು ಸೂಪರ್ ಟ್ಯಾಕಲ್‌ಗೆ ಸಿಕ್ಕೊಳ್ತಾನಾ. ಪೆಟ್ಟಾದ ಮೇಲೆ ಹೇಗೆ ಆಡ್ತಾನೆ.

ಈ ರಜೆಯಲ್ಲಿ ಬೀಳಗಿ ಕಡೆಯ ಗೆಳೆಯನ ಮನೆಗೆ ಹೋಗಿದ್ದೆವು. ಅವನ ತಮ್ಮ ಒಳ್ಳೇ ರೇಡರ್, ಪಿಯುಸಿ ಓದ್ತಾನೆ. ಊಟಕ್ಕೆ ಕೂತಾಗ ನಾವು ಅವನ ಮುಂದೆಯೇ "ಇಂವ ಎಷ್ಟಕ್ಕ ಹೋಗ್ತಾನ" ಅಂತ ಬೆಲೆ ಕಟ್ಟುತ್ತಿದ್ದೆವು. ರೊಟ್ಟಿ ಬಡಿಯುತ್ತಿದ್ದ ಅವರವ್ವ ಕೈ ನಿಲ್ಲಿಸಿ ಕೇಳಿದರು, "ಕಾಲ ಮುರಕೊಂಡ್ರ ಎಷ್ಟಕ್ಕ ಹೋಗ್ತಾನ್ರೆಪಾ?"

ನಮ್ಮ ಯಾವ ಲೆಕ್ಕದಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಕೋಟಿಯ ಪವನ್‌ಗೆ ಪೆಟ್ಟಾದರೆ ಮುಂದಿನ ವರ್ಷ ಮತ್ತೆ ಹರಾಜು ಇತ್ತು; 2023ರಲ್ಲಿ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟಿತು. ಜಾತ್ರೆ ಮಣ್ಣಿನಲ್ಲಿ ಬಿದ್ದ ಹುಡುಗನಿಗೆ ಯಾವ ಕಾರ್ಡೂ ಇಲ್ಲ. ಈಗಲೂ ಹರಾಜು ನೋಡ್ತೀವಿ, ಜಗಳಾನೂ ಆಡ್ತೀವಿ. ಆ ತಮ್ಮನಿಗೆ ಮಾತ್ರ ಫೋನ್ ಮಾಡಿದಾಗ ಮೊದಲು ಕೇಳೋದು ಪಾಯಿಂಟ್ ಅಲ್ಲ, "ಮೊಣಕಾಲ ಆರಾಮ ಐತಿಲ್ಲೋ? ಪರೀಕ್ಷೆ ಯಾವಾಗ?" ಅಂತ.