543ರಲ್ಲಿ ಒಂದು: ಸಂಸತ್ತಿನ ಪಕ್ಷಬಲ ಮತ್ತು ಕೋಲಾರ ಕ್ಷೇತ್ರದ ವರ್ತಕರು

ಕೇಂದ್ರ ಆಯವ್ಯಯ ಸಮೀಪಿಸಿದಂತೆ ವರ್ತಕ ಸಂಘಗಳು ಕ್ಷೇತ್ರದ ಸಂಸದರಿಗೆ ಮನವಿ ಪತ್ರ ಸಲ್ಲಿಸುವುದು ವಾಡಿಕೆ. ಜಿ.ಎಸ್.ಟಿ. ದರ, ರೈಲು ನಿಲುಗಡೆ, ಚಿನ್ನದ ಗಣಿಯ ಜಮೀನು, ಬಾಕಿ ವಸೂಲಿ ಎಲ್ಲವೂ ಒಂದೇ ಪತ್ರದಲ್ಲಿ ಒಂದೇ ವಿಳಾಸಕ್ಕೆ ಹೋಗುತ್ತವೆ. ಹಾರ ಹಾಕಿ ಛಾಯಾಚಿತ್ರ ತೆಗೆಸಿಕೊಂಡಲ್ಲಿಗೆ ಕಾರ್ಯಕ್ರಮ ಮುಗಿಯುತ್ತದೆ. ಯಾವ ಬೇಡಿಕೆಯನ್ನು ಈಡೇರಿಸುವ ಶಕ್ತಿ ಯಾರಿಗಿದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿದರೆ ಅರ್ಧ ಶ್ರಮ ಉಳಿಯುತ್ತದೆ. ಅದಕ್ಕಾಗಿ ಸಂಸತ್ತಿನ ಸದಸ್ಯ ಸಂಖ್ಯೆ ಮತ್ತು ಪಕ್ಷಗಳ ಬಲಾಬಲವನ್ನು ಅಢಾವೆ ಪತ್ರಿಕೆ ಓದಿದಂತೆ ಓದಬೇಕಾಗುತ್ತದೆ.

2024ರ ಮಹಾಚುನಾವಣೆ ನಡೆದದ್ದು ಲೋಕಸಭೆಯ 543 ಸ್ಥಾನಗಳಿಗೆ. ಹಿಂದೆ ಆಂಗ್ಲೋ-ಇಂಡಿಯನ್ ಸಮುದಾಯದ ಇಬ್ಬರನ್ನು ನಾಮಕರಣ ಮಾಡುವ ಅವಕಾಶವಿತ್ತು. 2020ರ ಜನವರಿಯಿಂದ ಅದು ರದ್ದಾಗಿದೆ. 543ರಲ್ಲಿ ಕರ್ನಾಟಕದ ಪಾಲು 28. ಇವುಗಳ ಪೈಕಿ ಪರಿಶಿಷ್ಟ ಜಾತಿಗೆ ಮೀಸಲಾದ ಐದು ಕ್ಷೇತ್ರಗಳಲ್ಲಿ ಕೋಲಾರವೂ ಒಂದು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಕೆ.ಜಿ.ಎಫ್., ಬಂಗಾರಪೇಟೆ, ಕೋಲಾರ ಮತ್ತು ಮಾಲೂರು ಈ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ದೆಹಲಿಗೆ ಕಳುಹಿಸುವುದು ಒಬ್ಬರನ್ನು ಮಾತ್ರ.

2024ರ ಜೂನ್ 4ರ ಫಲಿತಾಂಶದಂತೆ ಭಾಜಪಕ್ಕೆ 240, ಕಾಂಗ್ರೆಸ್ಸಿಗೆ 99, ಸಮಾಜವಾದಿ ಪಕ್ಷಕ್ಕೆ 37, ತೃಣಮೂಲ ಕಾಂಗ್ರೆಸ್ಸಿಗೆ 29, ಡಿ.ಎಂ.ಕೆ.ಗೆ 22, ತೆಲುಗು ದೇಶಂಗೆ 16 ಹಾಗೂ ಸಂಯುಕ್ತ ಜನತಾದಳಕ್ಕೆ 12 ಸ್ಥಾನಗಳು ದೊರೆತವು. ಕರ್ನಾಟಕದಲ್ಲಿ ಭಾಜಪ 17, ಕಾಂಗ್ರೆಸ್ 9, ಜಾತ್ಯತೀತ ಜನತಾದಳ 2. ಆ ಎರಡರಲ್ಲಿ ಮಂಡ್ಯ ಒಂದು, ಕೋಲಾರ ಇನ್ನೊಂದು. ಕೋಲಾರದಿಂದ ಗೆದ್ದವರು ಎಂ. ಮಲ್ಲೇಶ್ ಬಾಬು.

ಎರಡರ ಬೆಲೆ, ಹದಿನಾರರ ಬೆಲೆ

ಸರಳ ಬಹುಮತಕ್ಕೆ 272 ಬೇಕು. ಭಾಜಪಕ್ಕೆ 32 ಕೊರತೆಯಾಯಿತು. ಮಿತ್ರಪಕ್ಷಗಳೆಲ್ಲ ಸೇರಿ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟದ ಬಲ 293, ಅಂದರೆ ಅಗತ್ಯಕ್ಕಿಂತ 21 ಹೆಚ್ಚು. ಪಾಲುದಾರಿಕೆ ವ್ಯವಹಾರ ಮಾಡಿದ ಯಾವ ವರ್ತಕನಿಗಾದರೂ ಮುಂದಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಎರಡು ಸದಸ್ಯರ ಪಕ್ಷ ಹೊರನಡೆದರೆ 291 ಉಳಿಯುತ್ತದೆ, ಸರ್ಕಾರಕ್ಕೆ ಏನೂ ಆಗುವುದಿಲ್ಲ. ತೆಲುಗು ದೇಶಂ ಒಂದೇ ಹೊರನಡೆದರೂ 277. ಆದರೆ ತೆಲುಗು ದೇಶಂ ಮತ್ತು ಸಂಯುಕ್ತ ಜನತಾದಳ ಒಟ್ಟಿಗೆ ಹೊರಟರೆ ಉಳಿಯುವುದು 265, ಬಹುಮತ ಹೋಗುತ್ತದೆ. ಬಂಡವಾಳದಲ್ಲಿ ಸಣ್ಣ ಪಾಲಿದ್ದರೂ ಅದಿಲ್ಲದೆ ಸಂಸ್ಥೆ ನಡೆಯದು ಎಂಬಂಥ ಪಾಲುದಾರನ ಮಾತಿಗೆ ಎಷ್ಟು ತೂಕವಿರುತ್ತದೆಯೋ ಅಷ್ಟೇ ತೂಕ ಇಲ್ಲಿಯೂ.

2024ರ ಜುಲೈ ಆಯವ್ಯಯದಲ್ಲಿ ಅಮರಾವತಿ ರಾಜಧಾನಿಗೆ 15,000 ಕೋಟಿ ರೂಪಾಯಿಗಳ ನೆರವಿನ ವ್ಯವಸ್ಥೆ, ಬಿಹಾರದ ರಸ್ತೆಗಳಿಗೆ 26,000 ಕೋಟಿ ರೂಪಾಯಿ ಘೋಷಣೆಯಾದುದನ್ನು ಈ ಲೆಕ್ಕದೊಡನೆ ಸೇರಿಸಿ ಓದಬೇಕು. ಬಂಗಾರಪೇಟೆಯಿಂದ ಜೋಲಾರಪೇಟೆ ಕಡೆಗಿನ ರೈಲು ಮಾರ್ಗದಲ್ಲಿ ಗಡಿ ದಾಟಿದೊಡನೆ ಸಿಗುವ ಕುಪ್ಪಂ, 1989ರಿಂದ ತೆಲುಗು ದೇಶಂ ನಾಯಕ ಚಂದ್ರಬಾಬು ನಾಯ್ಡು ಅವರ ವಿಧಾನಸಭಾ ಕ್ಷೇತ್ರ. ಒಂದೇ ಹಳಿಯ ಮೇಲಿನ ಎರಡು ಊರುಗಳಿಗೆ ದೆಹಲಿಯಲ್ಲಿ ಎರಡು ಬಗೆಯ ತೂಕ. ಅರ್ಹತೆಯಲ್ಲಿ ಬಂಗಾರಪೇಟೆ ಕಡಿಮೆಯೆಂದಲ್ಲ. ಇದು ಕೇವಲ ಅಂಕಗಣಿತ.

ಕೋಲಾರದ ಹಿಂದಿನ ಖಾತೆ

1991ರಿಂದ 2014ರವರೆಗೆ ಸತತ ಏಳು ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಕೆ.ಎಚ್. ಮುನಿಯಪ್ಪ ಇಲ್ಲಿಂದ ಆಯ್ಕೆಯಾದರು. ಆದರೆ ಪ್ರತಿನಿಧಿ ಒಬ್ಬರೇ ಆಗಿದ್ದರೂ ದೆಹಲಿಯಲ್ಲಿ ಅವರ ಆಸನ ಒಂದೇ ಕಡೆ ಇರಲಿಲ್ಲ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದಾಗ ಕೋಲಾರದ ಸಂಸದರು ವಿರೋಧ ಪಕ್ಷದ ಸಾಲಿನಲ್ಲಿದ್ದರು. 2004ರ ನಂತರ ಅವರದೇ ಪಕ್ಷದ ನೇತೃತ್ವದ ಸರ್ಕಾರ ಬಂದಿತು. ಅವರು 2009ರಿಂದ ರೈಲ್ವೆ ರಾಜ್ಯ ಸಚಿವರಾಗಿ, 2012ರಿಂದ 2014ರವರೆಗೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸ್ವತಂತ್ರ ಖಾತೆಯ ಸಚಿವರಾಗಿಯೂ ಇದ್ದರು. ಸಣ್ಣ ಉದ್ಯಮಗಳ ಖಾತೆಯೇ ಕ್ಷೇತ್ರದ ಸಂಸದರ ಕೈಯಲ್ಲಿದ್ದ ಆ ಅವಧಿಯನ್ನು ಕೆ.ಜಿ.ಎಫ್. ಭಾಗದ ಉದ್ಯಮಿಗಳು ಎಷ್ಟರಮಟ್ಟಿಗೆ ಬಳಸಿಕೊಂಡರೆಂಬುದು ಕೇಳಬೇಕಾದ ಪ್ರಶ್ನೆ. ಕೋಲಾರಕ್ಕೆ ರೈಲ್ವೆ ಕೋಚ್ ಕಾರ್ಖಾನೆಯೂ ಘೋಷಣೆಯಾಗಿತ್ತು. ಕಾರ್ಖಾನೆ ಮಾತ್ರ ಏಳಲಿಲ್ಲ.

2019ರಲ್ಲಿ ಭಾಜಪದ ಎಸ್. ಮುನಿಸ್ವಾಮಿ ಎರಡು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆಗ ಭಾಜಪಕ್ಕೆ ಒಂಟಿಯಾಗಿಯೇ 303 ಸ್ಥಾನಗಳಿದ್ದವು. ಆಳುವ ಪಕ್ಷದ ಸದಸ್ಯರೆಂಬುದು ಅನುಕೂಲವೇ ಸರಿ. ಆದರೆ 303ರಲ್ಲಿ ಒಬ್ಬರನ್ನು ಯಾರೂ ಓಲೈಸಬೇಕಾಗಿರಲಿಲ್ಲ.

2024ರಲ್ಲಿ ಜಾತ್ಯತೀತ ಜನತಾದಳಕ್ಕೆ ಬಂದ ಸಂಪುಟ ಖಾತೆ ಭಾರಿ ಕೈಗಾರಿಕೆ ಮತ್ತು ಉಕ್ಕು. ಕೆ.ಜಿ.ಎಫ್.ನ ಎರಡು ಮುಖ್ಯ ಪ್ರಶ್ನೆಗಳು ಆ ಖಾತೆಗೆ ಸೇರಿದವಲ್ಲ. ಭಾರತ್ ಗೋಲ್ಡ್ ಮೈನ್ಸ್ ಗಣಿ ಸಚಿವಾಲಯಕ್ಕೆ ಸೇರಿದ್ದು, ಬಿ.ಇ.ಎಂ.ಎಲ್. ರಕ್ಷಣಾ ಸಚಿವಾಲಯಕ್ಕೆ. ಬಿ.ಇ.ಎಂ.ಎಲ್.ಗೆ ಬಿಡಿಭಾಗ ಪೂರೈಸುವ ಕಾರ್ಯಾಗಾರಗಳವರು ಮನವಿ ಬರೆಯುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಎರಡು ಸದನಗಳ ವ್ಯತ್ಯಾಸ

ಲೋಕಸಭೆಯ ಬಹುಮತವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ರಾಜ್ಯಸಭೆಯಲ್ಲಿ 245 ಸ್ಥಾನಗಳು. 12 ಮಂದಿ ನಾಮಕರಣಗೊಂಡವರು. ಕರ್ನಾಟಕಕ್ಕೆ 12 ಸ್ಥಾನ, ಆರಿಸುವವರು ವಿಧಾನಸಭೆಯ ಶಾಸಕರು. ಹೀಗಾಗಿ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಶಾಸಕರ ಮತವೂ ಸಂಸತ್ತಿನ ರಚನೆಯಲ್ಲಿ ಸೇರಿದೆ.

ಇದರ ಪರಿಣಾಮವನ್ನು ವರ್ತಕರು ಸ್ವತಃ ಅನುಭವಿಸಿದ್ದಾರೆ. ಜಿ.ಎಸ್.ಟಿ. ಕುರಿತ ಸಂವಿಧಾನ ತಿದ್ದುಪಡಿ ಮಸೂದೆ 2015ರ ಮೇ ತಿಂಗಳಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಯಿತು. ಆಳುವ ಒಕ್ಕೂಟಕ್ಕೆ ಬಹುಮತವಿಲ್ಲದ ರಾಜ್ಯಸಭೆಯಲ್ಲಿ ಅದು ಒಂದು ವರ್ಷಕ್ಕೂ ಮಿಕ್ಕಿ ನಿಂತಿತು. ಮೂಲ ಮಸೂದೆಯಲ್ಲಿ, ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದರೆ ಶೇ. 1ರ ಹೆಚ್ಚುವರಿ ತೆರಿಗೆ ವಿಧಿಸುವ ಅವಕಾಶವಿತ್ತು. ಮಾತುಕತೆಯಲ್ಲಿ ಅದನ್ನು ಕೈಬಿಟ್ಟ ಮೇಲೆಯೇ 2016ರ ಆಗಸ್ಟ್ 3ರಂದು ರಾಜ್ಯಸಭೆ ಒಪ್ಪಿತು. ಬಂಗಾರಪೇಟೆಯಿಂದ ಕುಪ್ಪಂಗೋ ಕೃಷ್ಣಗಿರಿಗೋ ಸರಕು ಕಳುಹಿಸುವವನಿಗೆ ಆ ಶೇ. 1 ಉಳಿದದ್ದು ಮೇಲ್ಮನೆಯ ಪಕ್ಷಬಲದಿಂದ.

ಆಯವ್ಯಯದ ಸಂಗತಿ ಬೇರೆ. ಹಣಕಾಸು ಮಸೂದೆಗೆ ರಾಜ್ಯಸಭೆ 14 ದಿನಗಳೊಳಗೆ ಸಲಹೆ ನೀಡಬಹುದೇ ಹೊರತು ತಡೆಯಲಾಗದು. ಸೂಕ್ಷ್ಮ ಮತ್ತು ಸಣ್ಣ ತಯಾರಕರ ಬಿಲ್ಲನ್ನು ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಪಾವತಿಸದ ಖರೀದಿದಾರನಿಗೆ, ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಆ ಖರ್ಚಿನ ಕಡಿತ ಎಂಬ ನಿಯಮ ಬಂದದ್ದು 2023ರ ಹಣಕಾಸು ಅಧಿನಿಯಮದ ಮೂಲಕ. ಕೇವಲ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ಅನ್ವಯಿಸಲಿಲ್ಲ. ಅದನ್ನು ವರ್ತಕರಿಗೂ ವಿಸ್ತರಿಸಬೇಕೆಂಬ ಬೇಡಿಕೆಯ ಸ್ಥಳ ಲೋಕಸಭೆಯೇ.

ಜಿ.ಎಸ್.ಟಿ. ದರವಾದರೋ ನಿರ್ಧಾರವಾಗುವುದು ಜಿ.ಎಸ್.ಟಿ. ಮಂಡಳಿಯಲ್ಲಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳ ಮತಗಳಿಗೆ ಒಟ್ಟಾಗಿ ಮೂರನೇ ಎರಡು. ತೀರ್ಮಾನಕ್ಕೆ ನಾಲ್ಕನೇ ಮೂರು ಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರ ಪರಿಷ್ಕರಣೆಯೂ ಅಲ್ಲಿಯ ತೀರ್ಮಾನವೇ. ಆದ್ದರಿಂದ ದರ ಕುರಿತ ಮನವಿಯನ್ನು ಮಂಡಳಿಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ಸಚಿವರಿಗೆ ಬೆಂಗಳೂರಿನಲ್ಲಿಯೇ ಸಲ್ಲಿಸತಕ್ಕದ್ದು.

ಒಬ್ಬ ಸದಸ್ಯರಿಂದ ಆಗುವ ಕೆಲಸ

ಮತದ ತೂಕ ಕಡಿಮೆಯಿದ್ದರೂ ಸದಸ್ಯರ ಪ್ರಶ್ನೆಗೆ ಲಿಖಿತ ಉತ್ತರ ಕೊಡುವುದು ಸಚಿವಾಲಯದ ಹೊಣೆ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಹಾಗೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಅವಕಾಶವಿದೆ. ನೋಟಿಸನ್ನು 15 ದಿನ ಮೊದಲೇ ನೀಡಬೇಕು. ಗಣಿ ಜಮೀನಿನ ಸ್ಥಿತಿಯೇನು, ಬಿ.ಇ.ಎಂ.ಎಲ್. ಸ್ಥಳೀಯ ಸಣ್ಣ ಘಟಕಗಳಿಂದ ವರ್ಷಕ್ಕೆ ಎಷ್ಟು ಮೌಲ್ಯದ ಸರಕು ಕೊಂಡಿತು ಎಂಬಂಥ ನಿಖರ ಪ್ರಶ್ನೆಗಳನ್ನು ಸಂಘವೇ ಸಿದ್ಧಪಡಿಸಿ ಸಂಸದರ ಕೈಗೆ ಕೊಡಬಹುದು. ಇಲಾಖಾವಾರು 24 ಸ್ಥಾಯಿ ಸಮಿತಿಗಳಿವೆ. ಪ್ರತಿಯೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಮಂದಿ. ಅಲ್ಲಿ ವಿಪ್‌ನ ಒತ್ತಡವಿಲ್ಲ, ಸಂಘಸಂಸ್ಥೆಗಳ ಲಿಖಿತ ಅಭಿಪ್ರಾಯಗಳನ್ನೂ ಪಡೆಯಲಾಗುತ್ತದೆ. ಇವುಗಳಲ್ಲದೆ ಸಾರ್ವಜನಿಕರ ಅರ್ಜಿಗಳನ್ನು ಪರಿಶೀಲಿಸಲು ಎರಡೂ ಸದನಗಳಲ್ಲಿ ಅರ್ಜಿ ಸಮಿತಿಗಳಿವೆ. ಅರ್ಜಿಯನ್ನು ಸದಸ್ಯರೊಬ್ಬರ ಸಹಿಯೊಡನೆ ಸದನದಲ್ಲಿ ಮಂಡಿಸಲು ಸಾಧ್ಯ. ಆ ಸದಸ್ಯರು ಯಾವ ಪಕ್ಷದವರು, ಆ ಪಕ್ಷಕ್ಕೆ ಎಷ್ಟು ಸ್ಥಾನಗಳಿವೆ ಎಂಬುದು ಅಲ್ಲಿ ಗಣನೆಗೆ ಬರುವುದಿಲ್ಲ.