ಹಿತ್ತಲಿನಲ್ಲಿ ಕರ್ಣಕುಂಡಲ

ಮುಂಗಾರು ಹಿಡಿದು ಕೆಲವು ವಾರಗಳಾದ ಮೇಲೆ ಮಲೆನಾಡಿನ ದಾರಿಯ ಬದಿಗಳಲ್ಲಿ, ಒರತೆಯ ಅಂಚುಗಳಲ್ಲಿ, ಮೊಣಕಾಲೆತ್ತರದ ಗಿಡಗಳು ನಸುಗೆಂಪು ಹೂಗಳನ್ನು ತೂಗಿಬಿಟ್ಟಿರುವುದನ್ನು ಕಾಣುತ್ತೇವೆ. ಇದೇ ಕರ್ಣಕುಂಡಲ, ಕೆಲವೆಡೆ ಗೌರಿ ಹೂವೆಂದೂ ಕರೆಯುವರು. 1753ರಲ್ಲಿ ಲಿನೇಯಸನು ಇದಕ್ಕೆ ಇಂಪೇಷಿಯನ್ಸ್ ಬಾಲ್ಸಮಿನ ಎಂದು ಹೆಸರಿಟ್ಟನು. ಮೊದಲ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ತಾಳ್ಮೆಯಿಲ್ಲದ್ದು’ ಎಂದು ಅರ್ಥ.

ಈ ಹೆಸರಿನ ಔಚಿತ್ಯವನ್ನು ಕಾಯಿಯೇ ತೋರಿಸಿಕೊಡುತ್ತದೆ. ಬಲಿತ ಕಾಯಿಯನ್ನು ಬೆರಳಿನಿಂದ ಮುಟ್ಟಿದೊಡನೆ ಅದರ ಐದು ಹೋಳುಗಳು ಬಿರಿದು, ಥಟ್ಟನೆ ಸುರುಳಿಗೊಂಡು, ಬೀಜಗಳನ್ನು ಅಡಿಗಟ್ಟಲೆ ದೂರಕ್ಕೆ ಎಸೆಯುತ್ತವೆ. ಇದಕ್ಕೆ ಬೇಕಾದ ಶಕ್ತಿ ಒದಗುವುದು ನೀರಿನಿಂದ. ಕಾಯಿಯ ಗೋಡೆಯ ಜೀವಕೋಶಗಳು ನೀರುಂಡು ಉಬ್ಬಿ, ಹೆದೆಯೇರಿಸಿದ ಬಿಲ್ಲಿನಂತೆ ಬಿಗಿದು ನಿಂತಿರುತ್ತವೆ. ರಸಭರಿತವಾದ ಕಾಂಡದ್ದೂ ಇದೇ ಕಥೆ. ಅದರಲ್ಲಿ ಗಟ್ಟಿ ನಾರು ಕಡಮೆ. ಗಿಡವನ್ನು ನೆಟ್ಟಗೆ ನಿಲ್ಲಿಸುವುದು ಒಳಗಿನ ನೀರಿನ ಒತ್ತಡವೇ. ಆದುದರಿಂದಲೇ ಮಣ್ಣು ಒಣಗಿತೆಂದರೆ ಇಡೀ ಗಿಡ ಜೋತುಬೀಳುತ್ತದೆ.

ಇಷ್ಟನ್ನು ತಿಳಿದರೆ ಕೃಷಿ ಸುಲಭ. ಜೂನ್ ತಿಂಗಳಲ್ಲಿ, ಕೊಳೆತ ಎಲೆಗೊಬ್ಬರ ಬೆರೆಸಿದ ಸಡಿಲ ಮಣ್ಣಿನಲ್ಲಿ ಬೀಜವನ್ನು ಬಿತ್ತಿ, ತೆಳ್ಳಗೆ ಮಣ್ಣು ಉದುರಿಸಬೇಕು. ಸಸಿಗಳು ನಾಲ್ಕು ಎಲೆ ಬಿಟ್ಟಾಗ ಗೇಣಿನ ಅಂತರಕ್ಕೆ ನಾಟಿಮಾಡಬಹುದು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಮಣ್ಣು ಸದಾ ತೇವವಾಗಿರಬೇಕು. ಆದರೆ ನೀರು ನಿಲ್ಲಕೂಡದು. ನಿಂತ ನೀರಿನಲ್ಲಿ ಬೇರಿಗೆ ಗಾಳಿ ದೊರೆಯದೆ ಬುಡ ಕೊಳೆಯುವುದು. ಒರತೆಯ ಅಂಚಿನಲ್ಲಿ ನೀರು ಸದಾ ಹರಿಯುತ್ತಿರುತ್ತದೆಯೇ ಹೊರತು ಮಡುಗಟ್ಟುವುದಿಲ್ಲ ಎಂಬುದನ್ನು ವಾಚಕರು ನೆನಪಿಡಬೇಕು.

ಗಿಡದ ಆಯುಸ್ಸು ಒಂದೇ ಮಳೆಗಾಲ. ಮುಂದಿನ ವರ್ಷದ ಬೀಜ ಬೇಕಾದರೆ ಉಬ್ಬಿದ ಕಾಯಿಗಳಿಗೆ ತೆಳುಬಟ್ಟೆಯ ಚೀಲ ಕಟ್ಟುವುದು ಒಳ್ಳೆಯದು. ಇಲ್ಲವಾದರೆ ಗಿಡವೇ ಬಿತ್ತನೆ ಮುಗಿಸಿಬಿಡುತ್ತದೆ!

ಕರ್ಣಕುಂಡಲದ ನೂರಕ್ಕೂ ಹೆಚ್ಚು ಬಂಧುಗಳು ಪಶ್ಚಿಮ ಘಟ್ಟಗಳಲ್ಲಿವೆ. ಅವುಗಳಲ್ಲಿ ಬಹುಪಾಲು ಪ್ರಪಂಚದ ಬೇರಾವ ಕಡೆಯೂ ಸಹಜವಾಗಿ ಬೆಳೆಯುವುದಿಲ್ಲ. ಕೆಲವು ಹಾವಸೆ ಕವಿದ ಮರದ ಮೇಲೆ, ಮಂಜು ಮುಸುಕಿದ ಬಂಡೆಯ ಮೇಲೆ ಮಾತ್ರ ಬದುಕುತ್ತವೆ. ಅಂಥವನ್ನು ಕಿತ್ತು ತಂದರೆ ಬಯಲುಸೀಮೆಯ ಒಣಗಾಳಿಯಲ್ಲಿ ಅವು ಉಳಿಯಲಾರವು. ಕಾಡಿಗೂ ನಷ್ಟ, ತೋಟಕ್ಕೂ ಲಾಭವಿಲ್ಲ. ಅವುಗಳನ್ನು ಇದ್ದಲ್ಲಿಯೇ ನೋಡಿ ಸಂತೋಷಪಡೋಣ. ಹಿತ್ತಲಿಗೆ, ನೆರೆಮನೆಯ ಗಿಡದಿಂದ ಪಡೆದ ಒಂದು ಚಿಟಿಕೆ ಬೀಜವೇ ಸಾಕು.